ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ ಆರ್ಡರ್: ಹೇಳಿದ್ದು 8 ತಿಂಗಳು, ಕಾದಿದ್ದು 19

ಕಾರವಾರದ ಶೆಡ್ಡಿನಲ್ಲಿ ಕಟ್ಟುತ್ತಿರುವ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನಕ್ಕೆ ತರಿಸಿದ ಎಂಜಿನ್ ಇದು. ಎಂಜಿನ್‌ಗೆ 5ಕ್ಕೆ 4½ ಅಂಕ, ತರಿಸಿಕೊಟ್ಟ ಏಜೆನ್ಸಿಗೆ 2. ಆ ಎರಡೂ ಪ್ಯಾಕಿಂಗ್ ಚೆನ್ನಾಗಿತ್ತು ಎಂಬುದಕ್ಕೆ.

ಎಂಜಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 4 ಸಿಲಿಂಡರ್, 1352 ಸಿಸಿ, 5800 ಆರ್‌ಪಿಎಂನಲ್ಲಿ 100 ಅಶ್ವಶಕ್ತಿ. ಅದೂ 5 ನಿಮಿಷ ಮಾತ್ರ, ಆಮೇಲೆ 5500ಕ್ಕೆ ಇಳಿಸಬೇಕು. ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಪಡಿಸುವುದು) 2000 ಗಂಟೆಗೆ ಅಥವಾ 15 ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ. ಅರ್ಧ ಅಂಕ ಕಡಿದದ್ದು ಇಂಧನಕ್ಕೆ: ಇದಕ್ಕೆ ಕನಿಷ್ಠ 95 ಆಕ್ಟೇನ್ ಬೇಕು, ಎಥೆನಾಲ್ 10 ಶೇಕಡಾ ಮೀರಬಾರದು. ನಮ್ಮ ಬಂಕುಗಳಲ್ಲಿ ಈಗ ಬರುವುದು ಇ20, ಅಂದರೆ 20 ಶೇಕಡಾ ಎಥೆನಾಲ್. ಏವಿಯೇಷನ್ ಪೆಟ್ರೋಲ್ ಹಾಕಬಹುದು, ಆದರೆ ಅದರ ಸೀಸ ಒಳಗೆ ಕೂರುವುದರಿಂದ ಆಯಿಲ್ ಬದಲಾವಣೆ ಬೇಗ ಬೇಗ ಮಾಡಬೇಕು. ಆರ್ಡರ್ ಕೊಡುವ ಮೊದಲೇ ಇಂಧನದ ದಾರಿ ನೋಡಿಕೊಳ್ಳಿ.

ಏಜೆನ್ಸಿಯ ಕಡೆಯಿಂದ "ಮುಂದಿನ ತಿಂಗಳು" ಎಂಬ ಉತ್ತರ ಎಷ್ಟು ಸಲ ಬಂದರೂ ಅದಕ್ಕೆ ಬೆಲೆಯಿಲ್ಲ. ಕೇಳಬೇಕಾದ್ದು ಸೀರಿಯಲ್ ನಂಬರ್. ಅದು ಕೈಗೆ ಬರುವತನಕ ನಿಮ್ಮ ಹೆಸರಿನಲ್ಲಿ ಎಂಜಿನ್ ಇಲ್ಲ ಎಂದೇ ತಿಳಿಯಿರಿ. ಮುಂಗಡ 30 ಶೇಕಡಾ ದಾಟಬಾರದು, ದೊಡ್ಡ ಕಂತು ಸೀರಿಯಲ್ ನಂಬರ್ ಬಂದ ಮೇಲೆಯೇ. ತಡವಾದರೆ ಮುಂಗಡ ವಾಪಸ್ ಯಾವಾಗ, ವಾರಂಟಿ ಯಾವ ದಿನದಿಂದ, ಬೆಲೆ ಯೂರೋದಲ್ಲೋ ರೂಪಾಯಿಯಲ್ಲೋ, ಮೂರನ್ನೂ ಬರಹದಲ್ಲಿ ಪಡೆಯಿರಿ. ಕಸ್ಟಮ್ಸ್ ಲೆಕ್ಕ ಹಾಕುವುದು ಬಿಲ್ ಆಫ್ ಎಂಟ್ರಿ (ಆಮದು ಘೋಷಣೆ ಪತ್ರ) ಸಲ್ಲಿಸಿದ ದಿನ ಜಾರಿಯಲ್ಲಿರುವ ವಿನಿಮಯ ದರದಲ್ಲಿ, ಆರ್ಡರ್ ಕೊಟ್ಟ ದಿನದ ದರದಲ್ಲಿ ಅಲ್ಲ.

ಕಾಯುವಾಗ ಕೈ ಸುಮ್ಮನಿರುವುದಿಲ್ಲ, ತಪ್ಪು ಆಗುವುದು ಅಲ್ಲೇ. ಫೈರ್‌ವಾಲಿನ (ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಬೆಂಕಿತಡೆ ಗೋಡೆ) ಸ್ಟೇನ್‌ಲೆಸ್ ತಗಡಿಗೆ ಕೇಬಲ್, ಹೋಸ್, ವಯರಿನ ತೂತುಗಳನ್ನು ಅಂದಾಜಿನ ಮೇಲೆ ಕೊರೆಯಬೇಡಿ. ಕಾರ್ಬ್ಯುರೇಟರಿನ ಲಿವರ್ ಎರಡು ಇಂಚು ಆಚೆ ಬಂದರೂ ಥ್ರಾಟಲ್ ಕೇಬಲ್ ಚೂಪಾಗಿ ಮಡಚಿ ಬಿಗಿಯಾಗುತ್ತದೆ, ಹಳೆ ತೂತಿಗೆ ತೇಪೆ ಹಾಕಬೇಕಾಗುತ್ತದೆ. ಕೌಲಿಂಗ್ (ಎಂಜಿನ್ನಿನ ಹೊರಕವಚ) ಕತ್ತರಿಸುವುದು, ಹೋಸ್ ಉದ್ದ, ರೇಡಿಯೇಟರ್ ಬ್ರಾಕೆಟ್, ಇವೂ ಎಂಜಿನ್ ಕೂತ ಮೇಲೆಯೇ. ವಯರಿಂಗನ್ನು ಫೈರ್‌ವಾಲ್ ತನಕ ತಂದು 40 ಸೆಂ.ಮೀ. ಹೆಚ್ಚಿಗೆ ಬಿಟ್ಟು ಸುತ್ತಿಡಿ. ಇಂಧನ ಟ್ಯಾಂಕಿನ ಸೋರಿಕೆ ಪರೀಕ್ಷೆ, ಬ್ರೇಕ್, ರೆಕ್ಕೆ, ಕಂಟ್ರೋಲ್ ರಾಡುಗಳನ್ನೆಲ್ಲ ಧಾರಾಳ ಮುಗಿಸಬಹುದು.

ಬ್ಯಾಟರಿ ತಟ್ಟೆಯನ್ನೂ ಕೊನೆಗೇ ಇಡಿ. ಖಾಲಿ ಎಂಜಿನ್ 60 ಕೆ.ಜಿ. ಆಸುಪಾಸು, ರೇಡಿಯೇಟರ್, ಎಕ್ಸಾಸ್ಟ್, ಆಯಿಲ್ ಎಲ್ಲ ಸೇರಿ 75 ಎಂದು ಹಿಡಿಯಿರಿ. ಅದು 5 ಸೆಂ.ಮೀ. ಮುಂದೆ ಕೂತರೆ 320 ಕೆ.ಜಿ. ವಿಮಾನದ ಗುರುತ್ವ ಕೇಂದ್ರ ಸುಮಾರು 1.2 ಸೆಂ.ಮೀ. ಸರಿಯುತ್ತದೆ. 5 ಕೆ.ಜಿ. ಬ್ಯಾಟರಿಯನ್ನು 75 ಸೆಂ.ಮೀ. ಹಿಂದಕ್ಕೆ ಒಯ್ದರೆ ಅದು ಸರಿಹೋಗುತ್ತದೆ, ತಟ್ಟೆ ಮೊದಲೇ ರಿವೆಟ್ ಆಗಿದ್ದರೆ ಆ ದಾರಿಯೂ ಇಲ್ಲ. ಮೂತಿಯ ಕೆಳಗೆ ಗಾಲಿ ಇರುವ ವಿಮಾನ ಎಂಜಿನ್ ಇಲ್ಲದೆ ಬಾಲದ ಮೇಲೆ ಕೂರುತ್ತದೆ. ಎಂಜಿನ್ ಕೂರುವ ಮೌಂಟಿಗೆ ಅಷ್ಟೇ ತೂಕದ ಮರಳು ಚೀಲ ಕಟ್ಟಿ.

ಬಾಳಿಕೆಗೋ ವಾರಂಟಿಗೋ ಅವಧಿ ಇರುವ ಯಾವುದನ್ನೂ ಬಳಸುವುದಕ್ಕೆ ಬಹಳ ಮುಂಚೆ ಕೊಳ್ಳಬೇಡಿ: ಟ್ಯಾಂಕ್ ಸೀಲಂಟ್, ಬ್ಯಾಟರಿ, ಟೈರು, ಡಿಜಿಟಲ್ ಮೀಟರುಗಳು. ಎಂಜಿನ್ನಿನ ರಬ್ಬರ್ ಭಾಗಗಳನ್ನಂತೂ ಹಾರಿಸಿದರೂ ಬಿಟ್ಟರೂ 5 ವರ್ಷಕ್ಕೊಮ್ಮೆ ಬದಲಿಸಬೇಕು.

ತಡವಾದದ್ದಕ್ಕಿಂತ ಕೆಟ್ಟದ್ದು, ತಡವಾಗಿ ಜೂನಿನಲ್ಲಿ ಬರುವುದು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ 66 ಬಂದಾಗಿತ್ತು, ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆಯೇ ಬಿತ್ತು. ರಸ್ತೆ ಚೆನ್ನಾಗಿದ್ದರೂ ಕಡಲ ಅಂಚಿನ ಉಪ್ಪುಗಾಳಿ ಇದೆ. ಮಳೆಗಾಲ ಕಳೆಯುವತನಕ ಪೆಟ್ಟಿಗೆಯನ್ನು ಘಟ್ಟದ ಮೇಲೆ ಹುಬ್ಬಳ್ಳಿಯಲ್ಲಿ ಒಣ ಗೋದಾಮಿನಲ್ಲಿ ಇರಿಸುವುದು ಉತ್ತಮ, ಬಾಡಿಗೆ ಕೊಟ್ಟರೂ ಚಿಂತೆಯಿಲ್ಲ.

ಇಲ್ಲೇ ಇಡುವುದಾದರೆ ನೆಲದಿಂದ ಒಂದು ಮೊಳ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ಕಾರ್ಖಾನೆಯ ತುಕ್ಕುನಿರೋಧಕ ಚೀಲ ಬಿಚ್ಚಬೇಡಿ. ಬಿಚ್ಚಿದ್ದರೆ ಕಾರ್ಬ್ಯುರೇಟರ್ ಬಾಯಿ, ಎಕ್ಸಾಸ್ಟ್ ರಂಧ್ರ, ಆಯಿಲ್ ಪೈಪು ಎಲ್ಲಕ್ಕೂ ಮುಚ್ಚಳ ಹಾಕಿ, ಒಳಗೆ ಸಿಲಿಕಾ ಜೆಲ್ ಇಟ್ಟು ವಾರಕ್ಕೊಮ್ಮೆ ನೋಡಿ. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿಯಲ್ಲಿ ಮತ್ತೆ ನೀಲಿ ಬರುವತನಕ ಒಣಗಿಸಿ. ಪೆಟ್ಟಿಗೆಯ ಮೇಲೆ ಟಾರ್ಪಾಲು ಬಿಗಿದು ಕಟ್ಟಬೇಡಿ, ಒಳಗೇ ಬೆವರುತ್ತದೆ. "ಜಾಮ್ ಆಗದಿರಲಿ" ಎಂದು ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವುದು ಬೇಡ, ಹಿಮ್ಮುಖವಾಗಿಯಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಹೈಡ್ರಾಲಿಕ್ ಟ್ಯಾಪೆಟ್ಟಿಗೆ (ಆಯಿಲ್ ತುಂಬಿಕೊಂಡು ವಾಲ್ವ್ ಒತ್ತುವ ಭಾಗ) ಗಾಳಿ ಹೋಗುತ್ತದೆ.

ಅದೇ ಕಾರಣಕ್ಕೆ, ಕೂರಿಸಿದ ಕೂಡಲೇ ಕೀ ತಿರುಗಿಸಬಾರದು. ಆಯಿಲ್ ತೊಟ್ಟಿ ಬೇರೆ ಇರುವುದರಿಂದ ಪೈಪುಗಳಲ್ಲಿ ಗಾಳಿ ತುಂಬಿರುತ್ತದೆ. ಇಗ್ನಿಷನ್ ಆಫ್ ಇಟ್ಟು, ಸಿಲಿಂಡರಿಗೊಂದು ಸ್ಪಾರ್ಕ್ ಪ್ಲಗ್ ತೆಗೆದು, ಮ್ಯಾನುಯಲ್ ಹೇಳಿದಷ್ಟೇ ಗಾಳಿಯ ಒತ್ತಡವನ್ನು ತೊಟ್ಟಿಗೆ ಕೊಟ್ಟು, ಆಯಿಲ್ ಪ್ರೆಶರ್ ತೋರುವತನಕ ಪ್ರೊಪೆಲ್ಲರನ್ನು ಅದರ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಆಮೇಲೆ ವಾಲ್ವ್ ಮುಚ್ಚಳ ತೆಗೆದು ಪ್ರತಿ ರಾಕರಿನ (ವಾಲ್ವ್ ಒತ್ತುವ ಸನ್ನೆ) ಪುಶ್‌ರಾಡ್ ಬದಿಯನ್ನು, ಅಂದರೆ ಟ್ಯಾಪೆಟ್ಟಿನಿಂದ ಬರುವ ಕಡ್ಡಿ ತಾಗುವ ತುದಿಯನ್ನು, ಒತ್ತಿ ನೋಡಿ. ಮೆತ್ತಗೆ ಕುಸಿದರೆ ಗಾಳಿ ಇನ್ನೂ ಇದೆ, ಮತ್ತೊಮ್ಮೆ ಮೊದಲಿನಿಂದ ಮಾಡಿ.