ಮಾಚೇನಹಳ್ಳಿಯ ಶೆಡ್ಡಿಗೆ ಯಾವ ದೇಶದ ದಾರಿ?

ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಮೂರು ಹಳೇ ಲೇತ್ ಇಟ್ಟುಕೊಂಡವರು ಸ್ಮಾರ್ಟ್ ಫ್ಯಾಕ್ಟರಿಗೆ, ಅಂದರೆ ಯಂತ್ರಗಳ ಲೆಕ್ಕವನ್ನು ಸೆನ್ಸರ್, ನೆಟ್ ಮೂಲಕ ಇಡುವ ಕಾರ್ಖಾನೆಗೆ, ಎಲ್ಲಿಂದ ಶುರು ಮಾಡಬೇಕು? ದೇಶಕ್ಕೊಂದು ದಾರಿ ಇದೆ.

ಇಂಥ ಕಾರ್ಖಾನೆಗಳ ಹೊಸ ಕಾಲಕ್ಕೆ ‘ಇಂಡಸ್ಟ್ರಿ 4.0’ ಅನ್ನೋ ಹೆಸರು ಹೊರಬಿದ್ದಿದ್ದು 2011ರಲ್ಲಿ, ಜರ್ಮನಿಯ ಹ್ಯಾನೋವರ್ ಮೇಳದಲ್ಲಿ. ಯಾವ ಕಂಪನಿಯ ಯಂತ್ರವಾದರೂ ಒಂದಕ್ಕೊಂದು ಮಾತಾಡಬೇಕು ಅನ್ನೋದು ಅವರ ಹಟ. ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಕೊಳ್ಳುವವರು ಈ ಪಾಠ ಕಲಿಯಲೇಬೇಕು. ‘ಓಪಿಸಿ ಯುಎ ಇದೆಯಾ?’ ಅಂತ ಮೊದಲೇ ಕೇಳಿ; ಬೇರೆ ಬೇರೆ ಕಂಪನಿಯ ಯಂತ್ರಗಳು ಮಾತಾಡಲು ಇರುವ ಸಾಮಾನ್ಯ ಭಾಷೆ ಅದು.

ಅಮೆರಿಕದಲ್ಲಿ 2014ರಲ್ಲಿ ಜಿಇ, ಐಬಿಎಂ, ಇಂಟೆಲ್‌ನಂಥ ಕಂಪನಿಗಳೇ ಸೇರಿ ಯಂತ್ರಗಳನ್ನು ನೆಟ್‌ಗೆ ಜೋಡಿಸುವ ಕೆಲಸಕ್ಕೆ ಒಕ್ಕೂಟ ಕಟ್ಟಿದವು. ಚೀನಾದಲ್ಲಿ 2015ರಲ್ಲಿ ಸರ್ಕಾರವೇ ಕಾರ್ಖಾನೆಗಳನ್ನು ಮೇಲ್ದರ್ಜೆಗೇರಿಸಲು ‘ಮೇಡ್ ಇನ್ ಚೀನಾ 2025’ ಯೋಜನೆ ತಂದಿತು. ಎರಡೂ ನಮ್ಮ ಅಳತೆಗೆ ದೊಡ್ಡವು.

ನನಗೆ ಹಿಡಿಸಿದ್ದು ದಕ್ಷಿಣ ಕೊರಿಯಾ. ಅಲ್ಲಿ ಸರ್ಕಾರ ಸಣ್ಣ ಕಾರ್ಖಾನೆಗಳ ಖರ್ಚಿನಲ್ಲಿ ಪಾಲು ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿಸಿತು. ಮೊದಲು ಯಂತ್ರದ ಕೆಲಸದ ಲೆಕ್ಕ ಮಾತ್ರ, ಆಮೇಲೆ ಉಳಿದಿದ್ದು. ನಾವೂ ಹಾಗೇ ಶುರು ಮಾಡಬಹುದು. ಲೇತ್ ಮಾರಬೇಕಿಲ್ಲ. ಮೋಟಾರಿನ ಒಂದು ವೈರಿಗೆ ಕರೆಂಟ್ ಅಳೆಯುವ ಕ್ಲಿಪ್ಪಿನಂಥ ಸೆನ್ಸರ್ ಹಾಕಿ. ಯಂತ್ರ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸುಮ್ನೆ ನಿಂತಿತು ಅಂತ ಮೊಬೈಲಿನಲ್ಲೇ ಕಾಣುತ್ತದೆ. ಗ್ರೀಸ್ ಬೆರಳಚ್ಚಿನ ನೋಟ್‌ಬುಕ್ಕಿನಲ್ಲಿ ಇದು ಸಿಗುವುದಿಲ್ಲ, ಅಲ್ವಾ?

ಒಂದು ಮಾತು: ಮಳೆಗಾಲದಲ್ಲಿ ನೆಟ್ ಹೋದರೂ ಲೆಕ್ಕವನ್ನು ತನ್ನಲ್ಲೇ ಉಳಿಸಿಕೊಳ್ಳುವ ಸಾಧನವನ್ನೇ ಕೊಳ್ಳಿ.