ಗಾಳಿಯಾಡದ ಚೀಲ: ತೊಗರಿಗೆ ಹೌದು, ರಾಗಿಗೆ ಬೇಡ

ತೊಗರಿ, ಹೆಸರು, ಅಲಸಂದೆ, ಕಡಲೆಯನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ಮನೆಯಲ್ಲೇ ಇಡುವವರಿಗೆ ಹುಳುವಿನಿಂದ ಕಾಳು ಕಾಯುವ, ಪಿಕ್ಸ್ ಎಂಬ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಬಿತ್ತನೆ ಬೀಜ ಎತ್ತಿಡುವವರಿಗಂತೂ ಇಷ್ಟು ಅಗ್ಗದ, ವಿಷವಿಲ್ಲದ ದಾರಿ ಬೇರೆ ಸಿಗುವುದು ಕಷ್ಟ. ರಾಗಿಗೆ ಇದು ಬೇಕಾಗಿಲ್ಲ. ಸರಿಯಾಗಿ ಒಣಗದ ಮೆಕ್ಕೆಜೋಳವನ್ನು ಇದರಲ್ಲಿ ಕಟ್ಟಿಟ್ಟರೆ ಲಾಭದ ಬದಲು ನಷ್ಟವೇ ಹೆಚ್ಚು. ಚೀಲ ಮಾರುವ ಕಂಪನಿಯ ಕರಪತ್ರಗಳು ಕಾಳು, ರಾಗಿ, ಮೆಕ್ಕೆಜೋಳ ಮೂರಕ್ಕೂ ಇದನ್ನು ಒಂದೇ ಉಸಿರಿನಲ್ಲಿ ಹೊಗಳುತ್ತವೆ, ತಕರಾರಿರುವುದು ಅಲ್ಲೇ.

ಚೀಲ ಹುಟ್ಟಿದ್ದು ಆಫ್ರಿಕಾದ ಕ್ಯಾಮರೂನಿನಲ್ಲಿ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಲ್ಯಾರಿ ಮರ್ಡಾಕ್ ಮತ್ತು ಕ್ಯಾಮರೂನಿನ ಸಂಶೋಧಕರು ಅಲಸಂದೆ ಉಳಿಸಿಕೊಳ್ಳಲು ಇದನ್ನು ರೂಪಿಸಿದರು. 2007ರಲ್ಲಿ ಗೇಟ್ಸ್ ಫೌಂಡೇಶನ್ ಹಣ ಕೊಟ್ಟ ಮೇಲೆ ನೈಜೀರಿಯಾ, ನೈಜರ್, ಬುರ್ಕಿನಾ ಫಾಸೊ ಮೊದಲಾದ ಹತ್ತು ದೇಶಗಳ ಹಳ್ಳಿಗಳಿಗೆ ಹೋಯಿತು. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಆಮೇಲೆ ಇದನ್ನು ತೊಗರಿ ಮತ್ತು ಶೇಂಗಾದ ಮೇಲೆ ಪರೀಕ್ಷಿಸಿತು. ಕಲಬುರಗಿ, ಬೀದರ್, ವಿಜಯಪುರದ ತೊಗರಿ ಬೆಳೆಗಾರರಿಗೆ ನೇರವಾಗಿ ಸಂಬಂಧಿಸಿದ್ದು ಈ ಎರಡನೇ ಅಧ್ಯಾಯ.

ರಚನೆ ಸರಳ. ಹೊರಗೆ ಮಾಮೂಲಿ ನೇಯ್ದ ಪ್ಲಾಸ್ಟಿಕ್ ಚೀಲ, ಒಳಗೆ ಒಂದರೊಳಗೊಂದು ಎರಡು ಪಾಲಿಥೀನ್ ಚೀಲ, ಒಂದೊಂದೂ 80 ಮೈಕ್ರಾನ್ ದಪ್ಪ. ಕಿರಾಣಿ ಅಂಗಡಿಯ ಕವರಿಗಿಂತ ಇದು ಎಷ್ಟೋ ದಪ್ಪ ಎಂದು ಮುಟ್ಟಿದರೇ ಗೊತ್ತಾಗುತ್ತದೆ. 50 ಮತ್ತು 100 ಕಿಲೊ ಅಳತೆಗಳು ಸಾಮಾನ್ಯ. ಇದೇ ತತ್ವದ ಇನ್ನೊಂದು ಬಗೆ ಗ್ರೇನ್‌ಪ್ರೊದಂಥ ಕಂಪನಿಗಳ ಒಂಟಿ ಒಳಚೀಲ. ಹಲವು ಪದರಗಳನ್ನು ಬೆಸೆದ ಒಂದೇ ಹಾಳೆ ಅದು, ಗೋಣಿಚೀಲದೊಳಗೆ ಇಳಿಸಿ ಬಳಸಬೇಕು. ಗಾಳಿ ತಡೆಯುವುದರಲ್ಲಿ ಅದು ಪಾಲಿಥೀನಿಗಿಂತ ಮೇಲು, ಬೆಲೆಯೂ ಮೇಲೆಯೇ. ಪರಿಮಳ ಕಾಯಬೇಕಾದ ಕಾಫಿಗೆ ಅದು ತಕ್ಕದ್ದು. ಚಿಕ್ಕಮಗಳೂರು, ಕೊಡಗಿನ ಒಳ್ಳೆಯ ಕಾಫಿ ಹಡಗು ಹತ್ತುವುದು ಅಂಥ ಚೀಲದಲ್ಲಿ. ಆದರೆ ಒಂದೇ ಪದರ, ಒಂದು ತೂತು ಬಿದ್ದರೆ ಆಟ ಮುಗಿಯಿತು. ಮನೆಯ ತೊಗರಿಗೆ ಎರಡು ಪದರದ್ದೇ ವಾಸಿ.

ಒಳಗೆ ನಡೆಯುವುದೇನು? ಕಾಳಿನ ಜೊತೆ ಬಂದ ಹುಳು ಉಸಿರಾಡುತ್ತ ಚೀಲದೊಳಗಿನ ಆಮ್ಲಜನಕವನ್ನು ಮುಗಿಸುತ್ತದೆ, ಹೊರಗಿನಿಂದ ಹೊಸದು ಬರುವುದಿಲ್ಲ. ಶೇಕಡಾ 21 ಇದ್ದದ್ದು 5ಕ್ಕಿಂತ ಕೆಳಗಿಳಿದಾಗ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ. ಒಣ ಕಾಳಿನಲ್ಲಿ ಬದುಕುವ ಹುಳುವಿಗೆ ತಿಂದದ್ದನ್ನು ಕರಗಿಸಿಯೇ ನೀರು ಹುಟ್ಟಬೇಕು, ಅದಕ್ಕೆ ಆಮ್ಲಜನಕ ಬೇಕು. ಅದಿಲ್ಲದೆ ಒಣಗಿ ಸಾಯುತ್ತದೆ. ಉತ್ತರ ಕರ್ನಾಟಕದವರಿಗೆ ಇದು ಹೊಸ ವಿದ್ಯೆಯಲ್ಲ. ಜೋಳ ತುಂಬಿ ಮುಚ್ಚಿದ, ನೆಲದೊಳಗಿನ ಹಗೇವು ಕೆಲಸ ಮಾಡುತ್ತಿದ್ದುದೂ ಹೀಗೆಯೇ. ಬಾಯಿ ತೆಗೆದ ಕೂಡಲೇ ಇಳಿಯದೆ ಮೊದಲು ದೀಪ ಇಳಿಸಿ ನೋಡುತ್ತಿದ್ದುದು ಆ ಕೆಟ್ಟ ಗಾಳಿಯ ಭಯಕ್ಕೆ.

ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಹುಳು ಹೆಚ್ಚಿದ್ದಷ್ಟೂ ಆಮ್ಲಜನಕ ಬೇಗ ಮುಗಿಯುತ್ತದೆ. ಅಲ್ಲೊಂದು ಇಲ್ಲೊಂದು ಹುಳು ಇರುವ ಶುದ್ಧ ಕಾಳಿನಲ್ಲಿ ಅದು ನಿಧಾನಕ್ಕೆ ಇಳಿಯುವುದರಿಂದ ವಾರದ ಮೇಲೆ ಬಿಚ್ಚಿ ನೋಡಿದವರಿಗೆ ಜೀವಂತ ಹುಳು ಕಂಡು ‘ಚೀಲ ಸುಳ್ಳು’ ಎನಿಸುತ್ತದೆ. ಕಾಳಿನೊಳಗಿನ ಮರಿ, ಕೋಶಗಳು ದೊಡ್ಡ ಹುಳುವಿಗಿಂತ ಗಟ್ಟಿ. ಕಟ್ಟಿದ ಮೇಲೆ ಕನಿಷ್ಠ ಒಂದು ತಿಂಗಳು ಚೀಲದ ಕಡೆ ತಿರುಗಿ ನೋಡಬಾರದು.

ಇನ್ನು ಒಣಗಿಸುವ ವಿಷಯ. ಹೆಚ್ಚಿನ ವೈಫಲ್ಯ ಇಲ್ಲೇ. ಈ ಚೀಲ ಕಾಳನ್ನು ಒಣಗಿಸುವುದಿಲ್ಲ, ಇರುವ ತೇವವನ್ನು ಹಾಗೆಯೇ ಒಳಗೆ ಹಿಡಿದಿಡುತ್ತದೆ. ಗೋಣಿಯಲ್ಲಾದರೆ ತುಸು ಹಸಿ ಕಾಳು ಗಾಳಿಗೆ ತಾನಾಗಿಯೇ ಆರುತ್ತದೆ, ಇಲ್ಲಿ ಆ ಅವಕಾಶವಿಲ್ಲ. ದ್ವಿದಳ ಧಾನ್ಯ ಶೇ. 12 ತೇವಾಂಶ ಅಥವಾ ಅದಕ್ಕಿಂತ ಕಡಿಮೆ, ಮೆಕ್ಕೆಜೋಳ 13, ಸಿಪ್ಪೆಯ ಶೇಂಗಾ 8ಕ್ಕಿಂತ ಕೆಳಗೆ ಇರಬೇಕು. ಇದಕ್ಕಿಂತ ಹಸಿಯಿದ್ದರೆ ಹುಳು ಸತ್ತರೂ ಕಾಳು ಮುಗ್ಗುತ್ತದೆ, ಇನ್ನೂ ಹಸಿಯಿದ್ದರೆ ಹುಳಿ ವಾಸನೆ ಬರುತ್ತದೆ, ಬೀಜವಾದರೆ ಮೊಳಕೆಯ ಶಕ್ತಿ ಹೋಗುತ್ತದೆ. ಶೇಂಗಾದಲ್ಲಿ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷದ ಭಯ ಬೇರೆ.

ತೊಗರಿ ಈ ವಿಷಯದಲ್ಲಿ ಪುಣ್ಯವಂತ ಬೆಳೆ. ಡಿಸೆಂಬರ್-ಜನವರಿಯ ಒಣ ಹವೆಯಲ್ಲಿ ರಾಶಿಯಾಗುತ್ತದೆ, ಎರಡು ಮೂರು ಬಿಸಿಲಿಗೆ ಹದಕ್ಕೆ ಬರುತ್ತದೆ. ಮುಂಗಾರಿನ ಹೆಸರು ಹಾಗಲ್ಲ. ಗದಗ, ಧಾರವಾಡ ಕಡೆ ಆಗಸ್ಟ್-ಸೆಪ್ಟೆಂಬರಿನಲ್ಲಿ ಕೈಗೆ ಬರುವಾಗ ಮಳೆ ಬಿಟ್ಟಿರುವುದಿಲ್ಲ. ಅಂಥ ಹೆಸರನ್ನು ಅವಸರದಲ್ಲಿ ಚೀಲಕ್ಕೆ ತುಂಬಿದರೆ ಉಳಿದದ್ದೂ ಕೆಡುತ್ತದೆ. ಹಾವೇರಿ, ದಾವಣಗೆರೆಯ ಮೆಕ್ಕೆಜೋಳ ಕಟಾವಿನ ಹೊತ್ತಿಗೆ ಶೇ. 20ರ ಆಸುಪಾಸಿನಲ್ಲಿರುವುದು ಅಪರೂಪವಲ್ಲ. ಅದಕ್ಕೆ ಮೊದಲು ಬೇಕಾದದ್ದು ಕಣ ಮತ್ತು ತಾಡಪತ್ರಿ.

ತೇವ ತಿಳಿಯುವುದು ಹೇಗೆ? ಬಾಯಲ್ಲಿ ಕಡಿದು ನೋಡುವ ಅನುಭವಸ್ಥರು ಬಹುತೇಕ ಸರಿಯಾಗಿಯೇ ಹೇಳುತ್ತಾರೆ, ಆದರೆ 12ಕ್ಕೂ 14ಕ್ಕೂ ಇರುವ ವ್ಯತ್ಯಾಸ ಹಲ್ಲಿಗೆ ಸಿಗುವುದಿಲ್ಲ. ಉಪ್ಪಿನ ಪರೀಕ್ಷೆ ಪ್ರಸಿದ್ಧ: ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಪುಡಿಯುಪ್ಪು ಹಾಕಿ, ಚೆನ್ನಾಗಿ ಅಲುಗಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಹೆಚ್ಚಿದೆ. ಇದರಲ್ಲೊಂದು ಮೋಸವಿದೆ. ಉಪ್ಪು ಅಂಟದಿದ್ದರೆ ತೇವ ಸುಮಾರು ಶೇ. 15ಕ್ಕಿಂತ ಕಡಿಮೆ ಎಂದಷ್ಟೇ ಅರ್ಥ, 12 ಎಂದಲ್ಲ. ಪರೀಕ್ಷೆ ಪಾಸಾದ ಮೇಲೂ ಇನ್ನೊಂದೆರಡು ಬಿಸಿಲು ಕಾಣಿಸಬೇಕು. ಗಾಳಿಯ ತೇವ ಅಳೆಯುವ ಅಗ್ಗದ ಹೈಗ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಾಳಿನ ಜೊತೆ ಅದನ್ನು ಮುಚ್ಚಿ, ನೆರಳಿನಲ್ಲಿಟ್ಟು, ಅಂಕಿ ನಿಂತ ಮೇಲೆ ಓದಿ. ಆರ್ದ್ರತೆ ಶೇ. 65ಕ್ಕಿಂತ ಕಡಿಮೆ ತೋರಿಸಿದರೆ ಕಟ್ಟಬಹುದು.

ಒಣಗಿಸಿದರೆ ತೂಕ ಹೋಗುತ್ತದೆ ಎಂಬ ಸಂಕಟ ನಿಜವಾದದ್ದೇ. ಶೇ. 16 ತೇವದ 100 ಕಿಲೊ ಕಾಳು 12ಕ್ಕೆ ಇಳಿದಾಗ 95.5 ಕಿಲೊ ಆಗುತ್ತದೆ. ಹೋದದ್ದು ನೀರು. ಆದರೆ ತೂಕದ ಮೇಲೆ ಮಾರುವವನಿಗೆ ಅದು ನಾಲ್ಕೂವರೆ ಕಿಲೊ ಕಾಳಿನ ದುಡ್ಡಾಗಿಯೇ ಕಾಣುತ್ತದೆ. ಅದಕ್ಕೇ ವಾರದಲ್ಲಿ ಮಾರುವ ಮಾಲಿಗೆ ಈ ಚೀಲದ ಗೊಡವೆ ಬೇಡ.

ತುಂಬುವ ಕ್ರಮಕ್ಕೆ ಬಂದರೆ, ಮೊದಲು ತೂರಿ, ಜರಡಿ ಹಿಡಿದು, ಕಲ್ಲು, ಕಡ್ಡಿ, ತೊಗರಿ ಕಟ್ಟಿಗೆಯ ಚೂರು ತೆಗೆಯಬೇಕು. ಒಳಚೀಲ ಹರಿಯುವುದು ಹೆಚ್ಚಾಗಿ ಈ ಚೂರುಗಳಿಂದಲೇ. ಪ್ರತಿ ಒಳಚೀಲಕ್ಕೂ ಗಾಳಿ ತುಂಬಿ, ಬಾಯಿ ತಿರುಚಿ ಹಿಡಿದು, ಕೆನ್ನೆಯ ಹತ್ತಿರ ತಂದು ಒತ್ತಿ ನೋಡಿ. ಸೋರುವ ಗಾಳಿ ಚರ್ಮಕ್ಕೆ ತಿಳಿಯುತ್ತದೆ. ಬಿಸಿಲಿನಿಂದ ತೆಗೆದ ಕಾಳು ನೆರಳಿನಲ್ಲಿ ಆರಬೇಕು, ಬಿಸಿಬಿಸಿ ತುಂಬಿದರೆ ರಾತ್ರಿ ಒಳಗೋಡೆಯಲ್ಲಿ ಬೆವರು ಕೂರುತ್ತದೆ. ಹಾಗೆಂದು ರಾತ್ರಿಯಿಡೀ ಕಣದಲ್ಲಿ ಬಿಟ್ಟರೆ ಇಬ್ಬನಿ ಹೀರುತ್ತದೆ. ಸಂಜೆ ಕತ್ತಲಾಗುವ ಮುಂಚೆ ತುಂಬುವುದು ಸರಿ. ಸ್ವಲ್ಪ ಸ್ವಲ್ಪ ಹಾಕಿ ಚೀಲ ಕುಲುಕಿ, ಮೂಲೆಗಳು ಕೂರುವಂತೆ ಮಾಡಿ. ತೀರಾ ಬಾಯಿತನಕ ತುಂಬಬಾರದು, ತಿರುಚಲು ಒಂದು ಮೊಳದಷ್ಟು ಕತ್ತು ಬೇಕು. ಒಳಗಿನ ಚೀಲದ ಗಾಳಿ ಒತ್ತಿ ತೆಗೆದು, ಕತ್ತು ಬಿಗಿಯಾಗಿ ತಿರುಚಿ, ಮಡಚಿ, ಹುರಿಯಿಂದ ಕಟ್ಟಿ. ನಂತರ ಎರಡನೆಯದು, ಆಮೇಲೆ ಹೊರಗಿನದು. ಮೂರನ್ನೂ ಒಟ್ಟಿಗೆ ಸೇರಿಸಿ ಒಂದೇ ಗಂಟು ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಹಾಗೆ ಕಟ್ಟಿದರೆ ಪದರಗಳ ನಡುವಿನ ಸುಕ್ಕಿನಿಂದ ಗಾಳಿ ನುಸುಳುತ್ತದೆ. ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ, ಬಿಸಿಲು ಬೀಳದ ಕಡೆ ನಿಲ್ಲಿಸಿ. ಎಳೆದಾಡಬೇಡಿ.

ಸಿಪ್ಪೆಯ ಶೇಂಗಾ ತುಂಬುವವರು ಗಮನಿಸಬೇಕಾದ್ದು: ‘100 ಕಿಲೊ’ ಚೀಲದಲ್ಲಿ ಅದು ಅರ್ಧದಷ್ಟೂ ಹಿಡಿಯುವುದಿಲ್ಲ, ಚೀಲದ ಖರ್ಚು ಕಿಲೊ ಲೆಕ್ಕದಲ್ಲಿ ದುಪ್ಪಟ್ಟಿಗೂ ಮೀರುತ್ತದೆ.

ಇಲಿಯ ಮುಂದೆ ಈ ಚೀಲ ಸೋತಿದೆ. ವಾಸನೆ ಹೊರಬಾರದ್ದರಿಂದ ಇಲಿ ಬರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಇಲಿ ತುಂಬಿರುವ ಮನೆಯಲ್ಲಿ ಆ ಮಾತು ನಿಲ್ಲುವುದಿಲ್ಲ. ಅಂಥ ಮನೆಗೆ ತಗಡಿನ ಕಣಜವೇ ಸರಿ. ಸ್ವಿಟ್ಜರ್ಲೆಂಡಿನ ನೆರವಿನಿಂದ 1983ರಲ್ಲಿ ಹೊಂಡುರಾಸಿನಲ್ಲಿ ಶುರುವಾಗಿ ಮಧ್ಯ ಅಮೆರಿಕವೆಲ್ಲ ಹಬ್ಬಿದ ಪೋಸ್ಟ್‌ಕೊಸೆಚಾ ಯೋಜನೆ ನಂಬಿದ್ದು ತಗಡಿನ ಕಣಜವನ್ನೇ. ಊರೂರ ತಗಡು ಕೆಲಸದವರಿಗೆ ತರಬೇತಿ ಕೊಟ್ಟು ಅವರಿಂದಲೇ ಮಾಡಿಸಿ ಮಾರಿಸಿತು. ಕೊಳ್ಳುವಾಗ ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಕೊರೆಯುವ ಜಾತಿಯ ಧಾನ್ಯದ ಹುಳುಗಳು ಒಳಗಿನಿಂದಲೂ ಪ್ಲಾಸ್ಟಿಕ್ಕಿಗೆ ತೂತು ಹಾಕಬಲ್ಲವು. ಎರಡು ಪದರ ಇರುವುದರ ಉಪಯೋಗ ಆಗ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ. 2025-26ರ ಬೆಂಬಲ ಬೆಲೆಯಲ್ಲಿ ತೊಗರಿ ಕ್ವಿಂಟಲಿಗೆ 8,000 ರೂಪಾಯಿ, ಅಂದರೆ 50 ಕಿಲೊಗೆ 4,000. ಚೀಲಕ್ಕೆ 200 ರೂಪಾಯಿ ಕೊಟ್ಟಿರಿ ಎಂದುಕೊಳ್ಳಿ. ಎರಡೂವರೆ ಕಿಲೊ ಉಳಿಸಿದರೆ ಒಂದೇ ಸುಗ್ಗಿಯಲ್ಲಿ ಖರ್ಚು ಹುಟ್ಟುತ್ತದೆ. ಜೋಪಾನವಾಗಿ ಬಳಸಿದರೆ ಚೀಲ ಎರಡು ಮೂರು ಸುಗ್ಗಿ ಬರುತ್ತದೆ. ತೊಗರಿ, ಹೆಸರಿನ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಮನೆಗೆ ಬರುತ್ತದೆ, ಬೆಚ್ಚಗಿನ ಹವೆಯಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು ಎಬ್ಬಿಸುತ್ತದೆ. ಗೋಣಿಯಲ್ಲಿಟ್ಟು ಆರು ತಿಂಗಳು ಸುಮ್ಮನಿದ್ದರೆ ಎರಡೂವರೆ ಕಿಲೊ ಹೋಗುವುದು ದೊಡ್ಡ ಮಾತಲ್ಲ. ರಾಗಿಯ ಮಾತು ಬೇರೆ. ಆ ಸಣ್ಣ ಕಾಳಿನೊಳಗೆ ಹುಳುವಿಗೆ ಮನೆ ಮಾಡಲು ಜಾಗವೇ ಇಲ್ಲ, ಒಣಗಿಸಿ ಗೋಣಿಯಲ್ಲಿಟ್ಟರೂ ವರ್ಷಗಟ್ಟಲೆ ನಿಲ್ಲುತ್ತದೆ. 2025-26ರಲ್ಲಿ 50 ಕಿಲೊಗೆ 2,443 ರೂಪಾಯಿ ಬೆಂಬಲ ಬೆಲೆಯಿದ್ದ, ಹುಳುವೇ ಬೀಳದ ಧಾನ್ಯಕ್ಕೆ ಚೀಲ ಹಂಚುವ ಯೋಜನೆಗಳು ಯಾರ ಲೆಕ್ಕ ತುಂಬಿಸುತ್ತವೆಯೋ!

ತೊಗರಿಯನ್ನು ಊಟಕ್ಕಷ್ಟೇ ಇಡುವವರು ಬೇಗ ಬೇಳೆ ಮಾಡಿಸಿಬಿಡುವುದೂ ಒಂದು ಉಪಾಯ. ಈ ಹುಳುವಿಗೆ ಇಡೀ ಕಾಳು ಬೇಕು, ಒಡೆದ ಬೇಳೆ ಅಷ್ಟು ರುಚಿಸುವುದಿಲ್ಲ. ಕಿಲೊಗೆ ಐದಾರು ಮಿಲಿಲೀಟರ್ ಹರಳೆಣ್ಣೆ ಸವರುವ ಹಳೆಯ ಪದ್ಧತಿಯೂ ಹತ್ತಿಪ್ಪತ್ತು ಕಿಲೊ ತನಕ ಕೆಲಸ ಮಾಡುತ್ತದೆ. ವಿಷದ ಗಾಳಿ ಬಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಮನೆಯಲ್ಲಿರುವ ಕಾಳಿಗೆ ಹಾಕುವುದು ಮಾತ್ರ ಜೀವಕ್ಕೇ ಕುತ್ತು. ಚೀಲದ ದೊಡ್ಡ ಗೆಲುವು ಆ ಗುಳಿಗೆಯನ್ನು ಮನೆಯಿಂದ ಹೊರಗಿಟ್ಟದ್ದು ಎನ್ನಬಹುದು.

ರೈತ ಉತ್ಪಾದಕ ಕಂಪನಿಗಳಿಗೆ, ಜೀವನೋಪಾಯ ಯೋಜನೆಗಳಿಗೆ ಈ ಚೀಲ ಸೂಚಿಸುವ ಸಲಹೆಗಾರರ ವರದಿಗಳಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣುತ್ತದೆ: ತೂತು ಬಿದ್ದ ಕಾಳಿನ ಪ್ರಮಾಣವನ್ನೇ ನಷ್ಟ ಎಂದು ಬರೆಯುವುದು. 1,000 ತೊಗರಿ ಕಾಳು ಎಣಿಸಿ. 900 ಚೆನ್ನಾಗಿದ್ದು 90 ಗ್ರಾಂ ತೂಗಿದವು, ತೂತಾದ 100 ಕಾಳು 8 ಗ್ರಾಂ ತೂಗಿದವು ಎಂದಿಟ್ಟುಕೊಳ್ಳಿ. ಈ 100 ಕಾಳು ಹುಳು ತಿನ್ನದಿದ್ದರೆ 10 ಗ್ರಾಂ ಇರಬೇಕಿತ್ತು. ಹೋದದ್ದು 2 ಗ್ರಾಂ, ಅಂದರೆ ತೂಕದ ನಷ್ಟ ಶೇ. 2, ಹಾನಿ ಮಾತ್ರ ಶೇ. 10. ಎರಡನ್ನೂ ಬೇರೆ ಬೇರೆ ಬರೆಯಬೇಕು, ಏಕೆಂದರೆ ಮಂಡಿಯಲ್ಲಿ ದರ ಬೀಳುವುದು ತೂತಿನ ಲೆಕ್ಕಕ್ಕೆ, ಅನ್ನದ ತಟ್ಟೆಗೆ ಕಡಿಮೆಯಾಗುವುದು ತೂಕದ ಲೆಕ್ಕಕ್ಕೆ. ಪ್ರಾತ್ಯಕ್ಷಿಕೆ ಮಾಡುವುದಾದರೆ ಒಂದೇ ರಾಶಿಯ ಕಾಳನ್ನು ಅರ್ಧ ಚೀಲಕ್ಕೆ, ಅರ್ಧ ಗೋಣಿಗೆ ಹಾಕಿ, ತೇವಾಂಶ ಬರೆದಿಟ್ಟು, ನಾಲ್ಕರಿಂದ ಆರು ತಿಂಗಳಿಗೆ ಊರಿನವರ ಎದುರೇ ಬಿಚ್ಚಿ. ಪಶ್ಚಿಮ ಆಫ್ರಿಕಾದಲ್ಲಿ ಮಾತು ಹರಡಿದ್ದು ಹೀಗೆಯೇ. ಬೀಜವಾದರೆ ಎರಡರಿಂದಲೂ ನೂರು ನೂರು ಕಾಳು ಮೊಳಕೆಗಿಟ್ಟು ನೋಡಿ.

ಉಚಿತವಾಗಿ ಹಂಚಿದ ಕಡೆ ಇನ್ನೊಂದು ತೊಂದರೆ. ಮೊದಲ ವರ್ಷ ಚೀಲ ಬರುತ್ತದೆ, ಎಷ್ಟೋ ಸಲ ರಾಶಿ ಮುಗಿದ ಮೇಲೆ. ಎರಡನೇ ವರ್ಷ ಹರಿದದ್ದಕ್ಕೆ ಬದಲು ಕೊಳ್ಳೋಣವೆಂದರೆ ತಾಲ್ಲೂಕಿನಲ್ಲಿ ಮಾರುವವರೇ ಇಲ್ಲ. ಪುಕ್ಕಟೆ ಸಿಕ್ಕ ಸರಕನ್ನು ಯಾವ ಅಂಗಡಿಯವನು ತಂದು ಇಟ್ಟುಕೊಳ್ಳುತ್ತಾನೆ? ಅರ್ಧ ಬೆಲೆಗೆ ಗೊಬ್ಬರದ ಅಂಗಡಿಯ ಮೂಲಕವೇ ಮಾರಿಸಿ, ಉಳಿದ ಹಣದಲ್ಲಿ ಊರಿಗೊಂದು ತೇವಾಂಶ ಮಾಪಕ, ನಾಲ್ಕು ತಾಡಪತ್ರಿ ಕೊಟ್ಟರೆ ಹೆಚ್ಚು ಕಾಳು ಉಳಿಯುತ್ತದೆ.

ಕೊಳ್ಳುವವರು ನವೆಂಬರಿನಲ್ಲೇ ಕೊಳ್ಳಿ. ಎರಡೂ ಒಳಚೀಲ ಇವೆಯೇ ಎಂದು ಬಿಚ್ಚಿ ಎಣಿಸಿ, ಕೆಳಗಿನ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ. ತಿಂಗಳು ತಿಂಗಳು ತೆಗೆದು ಬಳಸುವ ಮನೆಯಾದರೆ ಒಂದು 100 ಕಿಲೊ ಚೀಲದ ಬದಲು ಎರಡು 50 ಕಿಲೊದ್ದು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಬಾಯಿ ತೆಗೆದಾಗಲೆಲ್ಲ ತೇವ ಒಳಗೆ ಹೋಗುತ್ತದೆ. ಒಳಚೀಲ ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳಿ. ಹೊರಚೀಲ ಮೂರು ಸುಗ್ಗಿ ಕಂಡ ಮೇಲೂ ಗಟ್ಟಿಯಾಗಿರುತ್ತದೆ, ಮೊದಲು ಹರಿಯುವುದು ಒಳಗಿನದು.