‘ವಯಸ್ಸಾಯಿತಲ್ಲ’ ಎಂಬ ಮಾತು ನನ್ನ ಕುದುರೆಯ ಗೊರಸುಗಳನ್ನು ಕೆಡಿಸಿತು

15 ವರ್ಷ ದಾಟಿದ ಕುದುರೆ ಸಾಕುತ್ತಿರುವವರೆಲ್ಲ ದಯವಿಟ್ಟು ಇದನ್ನು ಓದಿ. ಕೂದಲು ಉದುರಬೇಕಾದ ಕಾಲದಲ್ಲಿ ನಿಮ್ಮ ಕುದುರೆಯ ಕೂದಲು ಉದುರದೆ ಉಳಿದಿದ್ದರೆ, ಬೆನ್ನು ಇಳಿದು ಹೊಟ್ಟೆ ಜೋತುಬಿದ್ದಿದ್ದರೆ, ಅದು ಪಿಪಿಐಡಿ ಎಂಬ ಹಾರ್ಮೋನು ಕಾಯಿಲೆಯಾಗಿರಬಹುದು. ಎಸಿಟಿಎಚ್ ಮತ್ತು ಇನ್ಸುಲಿನ್ ಎಂಬ ಹಾರ್ಮೋನುಗಳ ರಕ್ತ ಪರೀಕ್ಷೆಯ ವರದಿ ಕೈಗೆ ಬರುವವರೆಗೂ ಅದಕ್ಕೆ ಸಿಹಿ ಮೇವನ್ನಾಗಲಿ ಸ್ಟೀರಾಯ್ಡ್ ಚುಚ್ಚುಮದ್ದನ್ನಾಗಲಿ ಕೊಡಲು ಬಿಡಬೇಡಿ. ನನ್ನ ಹೆಣ್ಣು ಕುದುರೆಗೆ ಎರಡನ್ನೂ ಕೊಟ್ಟರು. ಅವಳು ಬದುಕಿದ್ದಾಳೆ, ಆದರೆ ಇನ್ನೆಂದೂ ಓಡಲಾರಳು.

ಅವಳಿಗೆ ಆಗ ಇಪ್ಪತ್ತರ ಆಸುಪಾಸು. ಲಾಯದವರು ಅನುಭವಸ್ಥರು, ಅವಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು. ಉಳಿದ ಕುದುರೆಗಳೆಲ್ಲ ನುಣುಪಾದ ಮೇಲೂ ಇವಳ ಗದ್ದದ ಕೆಳಗೆ ಮತ್ತು ಕಾಲುಗಳ ಹಿಂಭಾಗದಲ್ಲಿ ಬೆರಳಿಗೆ ಸುತ್ತಿಕೊಳ್ಳುವಷ್ಟು ಉದ್ದದ, ತುದಿ ಗುಂಗುರಾದ ಕೂದಲು ಹಾಗೆಯೇ ಇತ್ತು. ‘ವಯಸ್ಸಾಯಿತಲ್ಲ’ ಎಂದರು. ಬಕೆಟ್ಟಿನ ನೀರು ಬೇಗ ಖಾಲಿಯಾಗುತ್ತಿತ್ತು, ಮಲಗುವ ಹಾಸು ಸದಾ ಒದ್ದೆಯಾಗಿರುತ್ತಿತ್ತು. ಅದಕ್ಕೂ ಅದೇ ಉತ್ತರ.

ಬೆನ್ನುಮೂಳೆ ಎದ್ದು ಕಾಣತೊಡಗಿದಾಗ, ಸೊರಗಿದ್ದಾಳೆಂದು ತೀರ್ಮಾನಿಸಿ ಧಾನ್ಯ ಹೆಚ್ಚಿಸಿದರು, ಕಾಕಂಬಿ ಬೆರೆಸಿದ ಮೇವು ಶುರು ಮಾಡಿದರು. ಅವಳ ಮೈಯಿಂದ ಕರಗಿದ್ದು ಸ್ನಾಯು, ಕೊಬ್ಬಲ್ಲ. ಮುದಿ ಕುದುರೆಗಳ ಕಣ್ಣಿನ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಗುಳಿ ಬಿದ್ದಿರುತ್ತದೆ. ಇವಳಿಗೆ ಆ ಜಾಗ ಉಬ್ಬಿಕೊಂಡಿತ್ತು. ಮೈ ಹಿಡಿಯುತ್ತಿದೆ ಎಂದು ಎಲ್ಲರೂ ಸಂತೋಷಪಟ್ಟರು. ಅಲ್ಲಿ ಕೊಬ್ಬು ತುಂಬಿಕೊಳ್ಳುವುದು ಈ ಕಾಯಿಲೆಯ ಲಕ್ಷಣಗಳಲ್ಲಿ ಒಂದು ಎಂಬುದನ್ನು ಯಾರೂ ಹೇಳಲಿಲ್ಲ.

ಆಮೇಲೆ ಚರ್ಮದ ತುರಿಕೆ ಕಾಣಿಸಿಕೊಂಡಿತು. ಬಂದ ಪಶುವೈದ್ಯರು ವಯಸ್ಸು ಕೇಳಲಿಲ್ಲ, ಆ ಕೂದಲನ್ನು ನೋಡಿಯೂ ರಕ್ತ ತೆಗೆಯಲಿಲ್ಲ. ಸ್ಟೀರಾಯ್ಡ್ ಚುಚ್ಚಿ ಹೊರಟುಹೋದರು. ಕೆಲವೇ ದಿನಗಳಲ್ಲಿ ಅವಳು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಇಡೀ ಭಾರವನ್ನು ಹಿಂಗಾಲುಗಳ ಮೇಲೆ ಹಾಕಿ ನಿಂತಿದ್ದಳು. ತಿರುಗು ಎಂದರೆ ತಿರುಗಲಾರಳು. ಗೊರಸಿಗೆ ಅಂಗೈ ಇಟ್ಟರೆ ಕಾವು ತಟ್ಟುತ್ತಿತ್ತು. ಗೊರಸಿನ ಮೇಲಿನ ಗಂಟಿನ ಹಿಂಬದಿಗೆ ಬೆರಳಿಟ್ಟರೆ ನಾಡಿ ಬಡಿದುಕೊಳ್ಳುತ್ತಿತ್ತು. ಆರೋಗ್ಯವಂತ ಕುದುರೆಯಲ್ಲಿ ಆ ನಾಡಿಯನ್ನು ಹುಡುಕಬೇಕಾಗುತ್ತದೆ. ಅದು ಲ್ಯಾಮಿನೈಟಿಸ್. ಉಗುರು ಬೆರಳಿಗೆ ಅಂಟಿಕೊಂಡಿರುವ ಹಾಗೆ ಗೊರಸಿನ ಗೋಡೆ ಒಳಗಿನ ಮೂಳೆಗೆ ಅಂಟಿಕೊಂಡಿರುತ್ತದೆ. ಆ ಹಿಡಿತ ಸಡಿಲಿದರೆ ಕುದುರೆಯ ಭಾರಕ್ಕೆ ಮೂಳೆಯೇ ಕೆಳಕ್ಕೆ ವಾಲುತ್ತದೆ. ಎಕ್ಸ್‌ರೇಯಲ್ಲಿ ಅವಳ ಎರಡೂ ಮುಂಗಾಲಿನ ಮೂಳೆಗಳು ವಾಲಿದ್ದವು.

ನಂತರ ಬಂದ ಬೇರೊಬ್ಬ ವೈದ್ಯರು ಪರೀಕ್ಷೆ ಮಾಡಿಸಿ ಹೇಳಿದ್ದು ಪಿಪಿಐಡಿ. ಕುಷಿಂಗ್ಸ್ ಎಂದೂ ಕರೆಯುತ್ತಾರೆ, ಆದರೆ ಮನುಷ್ಯರ ಕುಷಿಂಗ್ಸ್‌ಗೂ ಇದಕ್ಕೂ ವ್ಯತ್ಯಾಸವಿದೆ. ಕುದುರೆಯಲ್ಲಿ ಕೆಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ನಡುವಿನ ಪದರ. ಅದನ್ನು ಅಂಕೆಯಲ್ಲಿಡುವುದು ಮೆದುಳಿನ ನರಕೋಶಗಳಿಂದ ಬರುವ ಡೋಪಮೈನ್ ಎಂಬ ರಾಸಾಯನಿಕ. ವಯಸ್ಸಾದಂತೆ ಆ ನರಕೋಶಗಳು ನಶಿಸಿದರೆ ಗ್ರಂಥಿ ದೊಡ್ಡದಾಗಿ ಎಸಿಟಿಎಚ್ ಮುಂತಾದ ಹಾರ್ಮೋನುಗಳನ್ನು ಮಿತಿಮೀರಿ ಸುರಿಸುತ್ತದೆ. ಉದುರದ ಕೂದಲು, ಕರಗುವ ಸ್ನಾಯು, ಅತಿಯಾದ ಬಾಯಾರಿಕೆ, ಮತ್ತೆ ಮತ್ತೆ ಬರುವ ಸೋಂಕು, ಗೊರಸಿನ ಕೀವು, ಹೆಚ್ಚುವ ಜಂತುಹುಳು ಎಲ್ಲದರ ಹಿಂದೆಯೂ ಇದೇ ಇರಬಹುದು. ಈ ಕುದುರೆಗಳಲ್ಲಿ ಕೆಲವಕ್ಕೆ ಇನ್ಸುಲಿನ್ನೂ ಹತೋಟಿ ತಪ್ಪಿರುತ್ತದೆ. ಗೊರಸಿಗೆ ನಿಜವಾದ ಅಪಾಯ ಇರುವುದು ಅಲ್ಲಿ. ರಕ್ತದಲ್ಲಿ ಇನ್ಸುಲಿನ್ ಬಹಳ ಹೊತ್ತು ಏರಿಯೇ ಇದ್ದರೆ ಅದೊಂದೇ ಲ್ಯಾಮಿನೈಟಿಸ್ ತರಬಲ್ಲದು. ಸಿಹಿ ಮೇವು ಇನ್ಸುಲಿನ್ ಏರಿಸುತ್ತದೆ, ಸ್ಟೀರಾಯ್ಡ್ ಕೂಡ ಏರಿಸುತ್ತದೆ. ಅವಳ ಮೇಲೆ ಎರಡೂ ಒಟ್ಟಿಗೇ ಬಿದ್ದವು.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಹಗಲು ಕಿರಿದಾಗುತ್ತಾ ಹೋಗುವ ತಿಂಗಳುಗಳಲ್ಲಿ ಆರೋಗ್ಯವಂತ ಕುದುರೆಯ ಎಸಿಟಿಎಚ್ ಕೂಡ ತಾನಾಗಿಯೇ ಏರುತ್ತದೆ. ಆದ್ದರಿಂದ ವರದಿಯನ್ನು ಆ ಋತುವಿನ ಮಾನದಂಡಕ್ಕೆ ಹೋಲಿಸಿ ನೋಡಿದ್ದಾರೆಯೇ ಎಂದು ಕೇಳಿ. ಆರಂಭದ ಹಂತದಲ್ಲಿ ಈ ಪರೀಕ್ಷೆ ಸಹಜವೆಂದೇ ತೋರಿಸಬಹುದು. ಆಗ ಪಿಟ್ಯುಟರಿಯನ್ನು ಕೆರಳಿಸುವ ಟಿಆರ್‌ಎಚ್ ಎಂಬ ಹಾರ್ಮೋನನ್ನು ಚುಚ್ಚಿ ಎಸಿಟಿಎಚ್ ಮತ್ತೆ ಅಳೆಯುವ ಪರೀಕ್ಷೆ ಇದೆ.

ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ಡೋಪಮೈನಿನ ಕೆಲಸವನ್ನು ಮಾಡುವ ಪರ್ಗೊಲೈಡ್ ಮಾತ್ರೆಯನ್ನು ದಿನಾ, ಜೀವಮಾನವಿಡೀ ಕೊಡಬೇಕು. ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 2 ಮೈಕ್ರೋಗ್ರಾಂನಿಂದ ಆರಂಭಿಸುತ್ತಾರೆ, ಅಂದರೆ 500 ಕಿಲೋ ತೂಗುವ ಕುದುರೆಗೆ 1 ಮಿಲಿಗ್ರಾಂ. ಮೊದಲ ದಿನಗಳಲ್ಲಿ ಕೆಲವು ಕುದುರೆಗಳು ಮೇವು ಬಿಡುತ್ತವೆ. ಹಾಗಾದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ಪುಡಿ ಮಾಡಬೇಡಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅದನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಲೇಬೇಕು. ಅವಳ ವಿಷಯ ತಿಳಿದ ಮೇಲೆ ಗಿಡಮೂಲಿಕೆ ಪುಡಿ ಕೊಡಿ, ಸಾಕು ಎಂದವರೂ ಇದ್ದರು. ಆ ಪುಡಿ ಪರ್ಗೊಲೈಡಿನ ಜಾಗ ತುಂಬುವುದಿಲ್ಲ.

ಮಾತ್ರೆ ಕೊಡುತ್ತಿದ್ದೇವೆಂದು ಮೇವಿನ ವಿಷಯದಲ್ಲಿ ಸಡಿಲ ಬಿಡಬೇಡಿ, ಇನ್ಸುಲಿನ್ ಅದರಿಂದಲೇ ಸರಿಹೋಗುವುದಿಲ್ಲ. ನಮ್ಮಲ್ಲಿ ಕಾಕಂಬಿ, ಧಾನ್ಯ ಎರಡೂ ಪೂರ್ತಿ ನಿಂತಿವೆ. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ಸಕ್ಕರೆ ಇಳಿದ ಆ ನೀರನ್ನು ಚೆಲ್ಲಿ, ಹುಲ್ಲನ್ನು ಮಾತ್ರ ಹಾಕುತ್ತೇವೆ. ಕೂದಲನ್ನು ಕತ್ತರಿಸಿ ಸೆಕೆಯಿಂದ ಕಾಪಾಡುತ್ತೇವೆ. ಲಾಳ ಕಟ್ಟುವವರು ಎಕ್ಸ್‌ರೇ ಮುಂದಿಟ್ಟುಕೊಂಡೇ ಗೊರಸು ಕೆತ್ತುತ್ತಾರೆ. ಅವಳು ಮೆದು ನೆಲದಲ್ಲಿ ನಿಧಾನವಾಗಿ ನಡೆಯುತ್ತಾಳೆ.

ಹಿರಿಯ ಕುದುರೆಗೆ ತುರಿಕೆಗೋ ಕೀಲುನೋವಿಗೋ ಯಾರಾದರೂ ಸೂಜಿ ಎತ್ತಿದರೆ, ಅದರಲ್ಲಿ ಸ್ಟೀರಾಯ್ಡ್ ಇದೆಯೇ, ಇನ್ಸುಲಿನ್ ನೋಡಿದ್ದೀರಾ ಎಂದು ಅವರ ಕೈ ತಡೆದು ಕೇಳಿ. ನೇರ ಉತ್ತರ ಸಿಗದಿದ್ದರೆ ಚುಚ್ಚಲು ಬಿಡಬೇಡಿ, ಬೇರೆ ವೈದ್ಯರನ್ನು ಕರೆಸಿ.